ಐದು ಕಿಲೋಮೀಟರಿಗೆ ಮೂರು ಜೊತೆ ಶೂ

ಮಾರ್ಚ್ 4, ಮಂಗಳವಾರ

ಇಪ್ಪತ್ತೆಂಟು ನಿಮಿಷ ಮೂವತ್ತು ಸೆಕೆಂಡ್. ಇಪ್ಪತ್ತೇಳರೊಳಗೆ ಬರಬೇಕಿತ್ತು.

ಡಾಕ್ಟರು ಈ ನೋಟ್‌ಬುಕ್ ಕೊಟ್ಟು, ಓಡಿದ ದೂರ, ನಿದ್ದೆ, ಕಾಲುನೋವು ಮೂರನ್ನೂ ದಿನಾ ಬರೆದಿಡಿ ಅಂದರು. ದೂರ: ಐದು ಕಿಲೋಮೀಟರ್. ನಿದ್ದೆ: ಎಲ್ಲಿಂದ ಬರಬೇಕು. ಕಾಲುನೋವು: ಮೊಣಕಾಲಿನ ಕೆಳಗೆ ಎಲ್ಲಾ ಕಡೆ. ಪುಟದಲ್ಲಿ ಇನ್ನೂ ಜಾಗ ಉಳಿದಿದೆ, ಮನೆಯಲ್ಲಿ ಮಾತಾಡುವ ಮನಸ್ಸಿಲ್ಲ. ಅದಕ್ಕೇ ಇಲ್ಲಿ ಗೀಚುತ್ತಿದ್ದೇನೆ.

ನಿಯಮ ಹೊಸದಲ್ಲ. ಅಗ್ನಿಶಾಮಕ ದಳದಲ್ಲಿ ನಲವತ್ತೈದು ದಾಟಿದವರು ವರ್ಷಕ್ಕೊಮ್ಮೆ, ಹುಟ್ಟಿದ ತಿಂಗಳಲ್ಲಿ, ಐದು ಕಿಲೋಮೀಟರ್ ರಸ್ತೆ ಓಟ ಓಡಿ ತೋರಿಸಬೇಕು. ತಪ್ಪಿದರೆ ಆರು ವಾರ ಎಂಜಿನ್ ಹತ್ತುವ ಹಾಗಿಲ್ಲ, ಕಂಟ್ರೋಲ್ ರೂಮಿನಲ್ಲಿ ಕೂತು ಫೋನ್ ಎತ್ತಬೇಕು. ಆಮೇಲೆ ಇನ್ನೊಂದೇ ಅವಕಾಶ. ಅದೂ ಕೈತಪ್ಪಿದರೆ ನಿವೃತ್ತಿಯವರೆಗೂ ಅದೇ ಕುರ್ಚಿ. ನನಗೆ ಐವತ್ತು. ಕಳೆದ ವರ್ಷ ಹೇಗೋ ದಾಟಿದ್ದೆ. ಈ ವರ್ಷ ಕಾಲು ಕೇಳಲಿಲ್ಲ.

ಓಟ ಮುಗಿದ ಮೇಲೆ ನನ್ನ ಜೊತೆಗಾರ ಗಿಡ್ಡ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ನಿಂತ. ಹತ್ತೊಂಬತ್ತು ವರ್ಷದಿಂದ ಅವನು ಮುಂದೆ, ನಾನು ಹಿಂದೆ. ಹೊಗೆ ತುಂಬಿದ ಮನೆಯೊಳಗೆ ಒಬ್ಬರೇ ಹೋಗುವ ಹಾಗಿಲ್ಲ. ಮುಂದಿನವನು ಪೈಪಿನ ಬಾಯಿ ಹಿಡಿಯುತ್ತಾನೆ. ಹಿಂದಿನವನು ಅದರ ಭಾರ ಹೊತ್ತು, ಒಂದು ಕೈಯನ್ನು ಮುಂದಿನವನ ಬೆನ್ನಿನ ಮೇಲೆ ಇಟ್ಟಿರುತ್ತಾನೆ. ಗಿಡ್ಡನ ಮುಖಕ್ಕಿಂತ ಅವನ ಬೆನ್ನೇ ನನಗೆ ಹೆಚ್ಚು ಪರಿಚಯ. ನಾಳೆಯಿಂದ ಅಲ್ಲಿ ಬೇರೆ ಯಾರದೋ ಕೈ. ನನಗೆ ಹೊಟ್ಟೆ ಉರಿಯುತ್ತಿದೆ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ.

ಮಾರ್ಚ್ 6, ಗುರುವಾರ

ಕಂಟ್ರೋಲ್ ರೂಮಿಗೆ ಕಿಟಕಿ ಒಂದೇ, ಅದೂ ಎಂಜಿನ್ ನಿಲ್ಲುವ ಕಡೆಗೆ. ಬೇಕೆಂದೇ ಹಾಗೆ ಕಟ್ಟಿಸಿರಬೇಕು. ಗಂಟೆ ಹೊಡೆದರೆ ಅವರು ಬೂಟಿಗೆ ಕಾಲು ತೂರಿಸಿ ಹತ್ತುವುದು, ಗೇಟು ದಾಟುವುದು, ಎಲ್ಲ ಕಾಣುತ್ತದೆ. ಗಂಟೆ ಹೊಡೆಯುವವನು ನಾನೇ.

ಇಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವವರನ್ನು ಎಲ್ಲರೂ ಫೋನಕ್ಕ ಅನ್ನುತ್ತೇವೆ. ಎಂಜಿನ್ ಮೇಲಿದ್ದಾಗ ನಮಗೆ ಅವರೊಂದು ದನಿ ಅಷ್ಟೇ. ವಿಳಾಸ ತಪ್ಪಾದರೆ ಬೈಯುವುದಕ್ಕೆ ಬೇಕಾದವರು. ನನ್ನನ್ನು ನೋಡಿ, "ಬನ್ನಿ, ಆ ಕುರ್ಚಿಯ ಎಡಗಡೆ ಚಕ್ರ ಉರುಳಲ್ಲ, ಹುಷಾರು," ಅಂದರು. ಸ್ವಾಗತ ಮುಗಿಯಿತು.

ನನ್ನ ಜಾಗಕ್ಕೆ ಬೇರೆ ಸ್ಟೇಷನ್‌ನಿಂದ ಒಬ್ಬ ಬಂದಿದ್ದಾನೆ. ಮೂವತ್ತೆರಡು ವರ್ಷ, ಆರಡಿ ಮೂರಂಗುಲ. ಮಧ್ಯಾಹ್ನದೊಳಗೆ ಅವನಿಗೆ ಜಿರಾಫೆ ಅಂತ ಹೆಸರು ಬಿದ್ದಿತ್ತು. ಗಿಡ್ಡ ಮುಂದೆ, ಜಿರಾಫೆ ಹಿಂದೆ. ನೋಡಿದವರು ನಗಬೇಕು. ನನಗೆ ನಗು ಬರಲಿಲ್ಲ.

ದೂರ: ಮೂರು ಕಿ.ಮೀ. ನಿದ್ದೆ: ನಾಲ್ಕು ಗಂಟೆ, ಅದರಲ್ಲೂ ಎರಡು ಸಲ ಗಂಟೆ ಕೇಳಿಸಿದಂತಾಗಿ ಎದ್ದೆ.

ಮಾರ್ಚ್ 9, ಭಾನುವಾರ

ಹೆಂಡತಿ ಶೂ ಅಂಗಡಿಗೆ ಕರೆದುಕೊಂಡು ಹೋದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಜನರ ಮೂಗು ಕಿವಿ ಅಳೆದು ಅಳೆದು ಎಲ್ಲದಕ್ಕೂ ಅಳತೆಯೇ ಕಾರಣ ಅನ್ನುವ ನಂಬಿಕೆ. "ಕವಾಯತಿನ ಕ್ಯಾನ್ವಾಸ್ ಶೂ ಹಾಕ್ಕೊಂಡು ಓಡಿದ್ರೆ ಇನ್ನೇನಾಗುತ್ತೆ? ಕಾಲಿಗೊಂದು ಮರ್ಯಾದೆ ಬೇಡ್ವಾ?" ಅಂದಳು.

ಅಂಗಡಿಯಾಕೆ ತೆಳ್ಳಗೆ, ಬಾಬ್ ಕಟ್, ಮಾತು ಕಡಿಮೆ. ಎಷ್ಟು ದೂರ, ಎಷ್ಟು ಹೊತ್ತು, ದಾರಿ ಹೇಗಿದೆ, ಅಷ್ಟೇ ಕೇಳಿದಳು. ಸ್ಟೇಷನ್ ಸುತ್ತ ಟಾರು ರಸ್ತೆ, ಎರಡು ಸುತ್ತು, ಸುತ್ತಿಗೆ ಆರು ತಿರುವು ಅಂದೆ. ಅವಳು ಮೂಲೆಯಿಂದ ಒಂದು ಜೊತೆ ತಂದಳು. ತಳ ತೆಳು, ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ.

"ಐದು, ಹತ್ತು ಕಿಲೋಮೀಟರಿಗೆ ಇಂಥದ್ದು ಸಾಕು ಸರ್. ಹಗುರ ಇರಬೇಕು, ತಿರುವಲ್ಲಿ ಕಾಲು ಅಲ್ಲಾಡಬಾರದು. ಮೆತ್ತೆ ಜಾಸ್ತಿ ಬೇಕಾಗೋದು ದೂರದ ಓಟಕ್ಕೆ."

ಇದು ಶೂನಾ, ಕಾಲುಚೀಲನಾ ಅಂತ ಕೇಳಿದೆ. ಇಪ್ಪತ್ತಾರು ವರ್ಷ ಮೂರು ಕೆಜಿ ಬೂಟಿನಲ್ಲಿ ಬದುಕಿದವನು ನಾನು. ನನಗೆ ಕಾಲಿನ ಕೆಳಗೆ ಏನಾದರೂ ಇರಬೇಕು. ದಪ್ಪ ತಳದ, ಅಭ್ಯಾಸಕ್ಕೆಂದು ಮಾಡಿದ ಶೂ ಆರಿಸಿದೆ. ಒಂದು ಸೈಜು ದೊಡ್ಡದೇ ಇರಲಿ ಅಂದೆ. ಬೂಟು ಕೊಳ್ಳುವುದೇ ಹಾಗೆ, ಎರಡು ಕಾಲುಚೀಲಕ್ಕೆ ಜಾಗ ಬಿಟ್ಟು. ಅಂಗಡಿಯಾಕೆ ನನ್ನ ಹೆಂಡತಿಯ ಮುಖ ನೋಡಿದಳು. ನನ್ನ ಹೆಂಡತಿ ಫ್ಯಾನ್ ನೋಡಿದಳು.

ಅಂಗಡಿಯಾಕೆಯೇ ಕೂರಿಸಿ, ತೊಡಿಸಿ, ಲೇಸ್ ಕಟ್ಟಿದಳು. ಅಂಗಡಿಯೊಳಗೆ ನಾಲ್ಕು ಹೆಜ್ಜೆ ಓಡಿದೆ. ಚೆನ್ನಾಗಿತ್ತು.

ಮಾರ್ಚ್ 14, ಶುಕ್ರವಾರ

ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ. ಹಿಮ್ಮಡಿ ಶೂವಿನೊಳಗೆ ಮೇಲೆ ಕೆಳಗೆ ಜಾರುತ್ತದೆ, ಬೆರಳು ಹೋಗಿ ಮುಂದೆ ಗುದ್ದುತ್ತದೆ. ಶೂ ಸರಿಯಿಲ್ಲ.

ಇವತ್ತು ಹನ್ನೊಂದು ಕರೆ. ಎಂಟು ಸುಳ್ಳು ಕರೆ. ತಲೆ ಭಾರ. ಇಷ್ಟೇ.

ಮಾರ್ಚ್ 18, ಮಂಗಳವಾರ

ಬಾಗಿಲ ಹತ್ತಿರ ಎರಡನೇ ಜೊತೆ. ಹೆಂಡತಿ ಹಳೇದನ್ನು ಪಕ್ಕಕ್ಕೆ ಸರಿಸಿ ಹೊಸದಕ್ಕೆ ಜಾಗ ಮಾಡಿದಳು. "ಯಾಕ್ರೀ, ನಿಮ್ಮ ಶೂಗಳು ಯಾವಾಗ್ಲೂ ಬೀದಿ ಕಡೆ ಮುಖ ಮಾಡಿರ್ತವೆ? ನಾನು ಎಷ್ಟು ಸಲ ತಿರುಗಿಸಿಟ್ರೂ ಮತ್ತೆ ಹಾಗೇ," ಅಂದಳು. ಸ್ಟೇಷನ್ ಅಭ್ಯಾಸ. ಬೂಟು ಪ್ಯಾಂಟಿನೊಳಗೇ ನಿಂತಿರುತ್ತದೆ, ಮುಖ ಎಂಜಿನ್ ಕಡೆ. ಕಾಲು ತೂರಿಸಿ, ಪ್ಯಾಂಟು ಮೇಲೆಳೆದು ಓಡುವುದು. ಮನೆಯಲ್ಲೂ ರಾತ್ರಿ ಪ್ಯಾಂಟನ್ನು ಮಂಚದ ಪಕ್ಕ ಹಾಗೇ ನಿಲ್ಲಿಸಿಟ್ಟು ಮಲಗುತ್ತೇನೆ. ಗಂಟೆ ಹೊಡೆದು ನಲವತ್ತು ಸೆಕೆಂಡಿಗೆ ಗೇಟು ದಾಟಬೇಕಾದವನಿಗೆ ಕೂತುಕೊಳ್ಳುವ ಪುರುಸೊತ್ತು ಎಲ್ಲಿ?

ಈ ಸಲದ್ದು ದೊಡ್ಡ ದೊಡ್ಡ ಓಟಗಾರರು ಹಾಕುವಂಥದ್ದು. ತಳದಲ್ಲಿ ನೊರೆಯಂಥ ದಪ್ಪ ಮೆತ್ತೆ, ನಡುವೆ ಗಟ್ಟಿ ಪಟ್ಟಿ. ಕಾಲಿಟ್ಟರೆ ಮುಂದಕ್ಕೆ ತಳ್ಳುತ್ತದೆ. ಅಂಗಡಿಯಾಕೆ, "ಇದು ಚೆನ್ನಾಗಿ ಕೆಲಸ ಮಾಡೋದು ಜೋರಾಗಿ ಓಡೋರಿಗೆ. ನಿಮ್ಮ ದಾರೀಲಿ ತಿರುವು ಜಾಸ್ತಿ," ಅಂದಳು. ಜೋರಾಗಿ ಓಡಬೇಕೆಂದೇ ತಾನೇ ಕೊಳ್ಳುತ್ತಿರುವುದು ಅಂದೆ. ಸೈಜು ಮಾತ್ರ ಅವಳು ಹೇಳಿದ್ದೇ ತಗೊಂಡೆ.

ಮಾರ್ಚ್ 21, ಶುಕ್ರವಾರ

ಒಬ್ಬ ಹೆಂಗಸು ಫೋನ್ ಮಾಡಿ ಬರೀ ಕಿರುಚುತ್ತಿದ್ದಳು. ನಾನು "ಗಾಬರಿ ಆಗ್ಬೇಡಿ, ಗಾಬರಿ ಆಗ್ಬೇಡಿ" ಅಂದೆ. ಫೋನಕ್ಕ ನನ್ನ ಕೈಯಿಂದ ಕರೆ ಕಿತ್ತುಕೊಂಡರು.

"ಅಮ್ಮಾ, ಯಾವ ಬೀದಿ? ಒಳಗೆ ಯಾರಿದ್ದಾರೆ? ಸರಿ. ಒಂದು ಟವೆಲ್ ಒದ್ದೆ ಮಾಡಿ. ಮಾಡಿದ್ರಾ? ಬಾಗಿಲ ಸಂದಿಗೆ ಒತ್ತಿ. ಒತ್ತಿದ್ರಾ? ನಾನು ಇಲ್ಲೇ ಇದ್ದೀನಿ."

ಕಿರುಚಾಟ ನಿಂತಿತು. ಆಮೇಲೆ ನನಗೆ ಹೇಳಿದರು: "ಗಾಬರಿ ಆಗ್ಬೇಡಿ ಅಂದ್ರೆ ಯಾರ ಗಾಬರೀನೂ ಹೋಗಲ್ಲ ಇವರೇ. ಕೈಗೊಂದು ಕೆಲಸ ಕೊಡಿ. ಕೈ ಸುಮ್ಮನಿದ್ರೆ ಬಾಯಿ ಕಿರುಚುತ್ತೆ."

ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ, ನಮಗೆ ಗೊತ್ತೇ ಇರಲಿಲ್ಲ. ನಾವು ಹೋಗುವಷ್ಟರಲ್ಲಿ ಜನ ಎಷ್ಟೋ ಸಲ ಬಾಗಿಲಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿರುತ್ತಿದ್ದರು. ಅವರೇ ಬುದ್ಧಿವಂತರು ಅಂದುಕೊಂಡಿದ್ದೆ.

ಮಾರ್ಚ್ 23, ಭಾನುವಾರ

ನಾಲ್ಕನೇ ತಿರುವಿನಲ್ಲಿ ಬಿದ್ದೆ. ಆ ಎತ್ತರದ ಶೂ ಹಾಕಿ ತಿರುಗುವುದೆಂದರೆ ಮಂಚದ ಮೇಲೆ ನಿಂತು ತಿರುಗಿದ ಹಾಗೆ. ಮೊಣಕೈ ತರಚಿದೆ. ಬಲಗಾಲಿನ ಉಗುರೂ ಕಪ್ಪು. ಹಿಮ್ಮಡಿ ಇದರಲ್ಲೂ ಜಾರುತ್ತದೆ. ಸೈಜು ಸರಿ ಇದೆ ಅನ್ನುತ್ತಾಳೆ ಅಂಗಡಿಯಾಕೆ. ಅಂಗಡಿಯಲ್ಲಿ ಸರಿ ಇರುವ ಶೂ ರಸ್ತೆಗೆ ಬಂದ ತಕ್ಷಣ ಹೇಗೆ ದೊಡ್ಡದಾಗುತ್ತದೆ?

ಮಧ್ಯಾಹ್ನ ಹೋಗಿ ಮೊದಲ ದಿನ ತೋರಿಸಿದ ತೆಳು ಶೂವನ್ನೇ ತಂದೆ. ಅವಳು "ಮೊದಲೇ ಹೇಳಿದ್ದೆ" ಅಂತ ಬಾಯಿಬಿಟ್ಟು ಅನ್ನಲಿಲ್ಲ. ಬಾಯಿ ಬಿಡದೆಯೂ ಕೆಲವರಿಗೆ ಹೇಳಲು ಬರುತ್ತದೆ. "ಟೆಸ್ಟಿನ ದಿನಾನೇ ಮೊದಲ ಸಲ ಹಾಕ್ಬೇಡಿ. ವಾರಕ್ಕೆರಡು ಸಲ, ಜೋರು ಓಟಕ್ಕೆ ಮಾತ್ರ ಹಾಕಿ. ಮೀನಖಂಡ ಸ್ವಲ್ಪ ನೋಯುತ್ತೆ, ನೋಯ್ಲಿ," ಅಂದಳು.

ಸುಸ್ತು. ಬರೆಯುವುದಕ್ಕೂ ಸುಸ್ತು. ಕಾಲಿಗೆ ಐವತ್ತಾದರೆ ಅದಕ್ಕೆ ಶೂ ಏನು ಮಾಡೀತು? ಗಿಡ್ಡ ಐದು ದಿನದಿಂದ ಕಂಟ್ರೋಲ್ ರೂಮಿನ ಕಡೆ ತಲೆ ಹಾಕಿಲ್ಲ.

ಮಾರ್ಚ್ 27, ಗುರುವಾರ

ಓಡಲಿಲ್ಲ. ಪುರುಸೊತ್ತಾಗಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಹಾಸಿಗೆ ಗೋದಾಮಿಗೆ ಬೆಂಕಿ. ಮೂರು ಮಹಡಿ, ಪೂರ್ತಿ ಫೋಮ್. ಕರೆ ಮಾಡಿದ್ದು ಅಲ್ಲಿನ ಕಾವಲುಗಾರನ ಹೆಂಡತಿ, ಕಸ ಗುಡಿಸುವವರು. ಹೊರಗೆ ಬಂದು ರಸ್ತೆಯ ಆಚೆ ನಿಂತಿದ್ದರು. ಫೋನ್ ಇಡಬೇಡಿ ಅಂದೆ. ಕೈಗೆ ಕೆಲಸ ಬೇಕಲ್ಲ, ಕಟ್ಟಡದ ಕಿಟಕಿಗಳನ್ನು ಎಣಿಸಿ ಹೇಳಿ ಅಂದೆ.

ಗಿಡ್ಡನೂ ಜಿರಾಫೆಯೂ ಎರಡನೇ ಮಹಡಿಗೆ ಹೋದರು. ಒಬ್ಬ ಕೆಲಸಗಾರ ಒಳಗಿದ್ದಾನೆ ಅಂತ. ಸಿಕ್ಕ. ಹೊರಗೆ ಬರುವಾಗ ಹೋದ ದಾರಿಗೆ ಮೇಲಿನಿಂದ ಫೋಮ್ ಕುಸಿಯಿತು. ವೈರ್‌ಲೆಸ್‌ನಲ್ಲಿ ಗಿಡ್ಡನ ದನಿ: "ಹಿಂದಿನ ಮೆಟ್ಟಿಲ ಬಾಗಿಲು ಸಿಕ್ತು. ತೆರ್ಕೊಳ್ತಾ ಇಲ್ಲ. ಬೀಗ ಹಾಕಿದೆ." ಅವನು ಹೀಗೆ ನಿಧಾನವಾಗಿ ಮಾತಾಡುವುದು ಉಸಿರು ಕಡಿಮೆಯಿದ್ದಾಗ ಮಾತ್ರ. ಅದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತು.

ಒಂದು ಕಿವಿಯಲ್ಲಿ ಅವನು, ಇನ್ನೊಂದು ಕಿವಿಯಲ್ಲಿ ಆ ತಾಯಿ. "ಅಮ್ಮಾ, ಎರಡನೇ ಮಹಡಿ ಹಿಂದಿನ ಬಾಗಿಲಿಗೆ ಬೀಗ ಇದೆಯಾ?"

"ಇಲ್ಲ ಸಾರ್, ಅದಕ್ಕೆ ಬೀಗಾನೇ ಇಲ್ಲ. ಎಲ್ರೂ ತಳ್ತಾರೆ ಅದನ್ನ. ಎಳೀಬೇಕು. ಕೆಳಗಡೆ ಹಿಡಿದು ಸ್ವಲ್ಪ ಎತ್ತಿ ಎಳೀಬೇಕು, ನಾನು ದಿನಾ ಎಳೀತೀನಲ್ಲ."

"ಗಿಡ್ಡ, ತಳ್ಳಬೇಡ. ಕೆಳಗೆ ಹಿಡಿದು ಎತ್ತಿ ಎಳಿ. ನಾನು ಇಲ್ಲೇ ಇದ್ದೀನಿ."

ಮೂವರೂ ಹೊರಗೆ ಬಂದರು. ಎಲ್ಲ ಆ ತಾಯಿಯ ಪುಣ್ಯ, ಹೆಸರೂ ಕೇಳಲಿಲ್ಲ ನಾನು. ಸಂಜೆ ಕಿಟಕಿಯಿಂದ ನೋಡಿದೆ: ಜಿರಾಫೆ ಗಿಡ್ಡನ ಬೆನ್ನು ತಟ್ಟುತ್ತಿದ್ದ. ಬೇಜಾರಾಯಿತು. ನಾನು ಅಲ್ಲಿ ಇರಬೇಕಿತ್ತು.

ಫೋನಕ್ಕ ತಮ್ಮ ಡಬ್ಬಿಯ ಅರ್ಧ ಊಟ ನನಗೆ ಹಾಕಿದರು. ನಾಲ್ಕು ಗಂಟೆಗೆ ಉಂಡೆವು.

ಮಾರ್ಚ್ 28, ಶುಕ್ರವಾರ

ನಿದ್ದೆ: ಒಂಬತ್ತು ಗಂಟೆ. ಹೆಂಡತಿ ಬಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದಳಂತೆ.

ಏಪ್ರಿಲ್ 3, ಗುರುವಾರ

ಇವತ್ತಿನದು ಬರೆಯಲು ನಾಚಿಕೆಯಾಗುತ್ತದೆ.

ಮೂರನೇ ಶೂವಿನಲ್ಲೂ ಉಗುರು ಸೀಳಿತು. ಸಿಟ್ಟು ನೆತ್ತಿಗೇರಿ, ಮೂರೂ ಜೊತೆ ಚೀಲಕ್ಕೆ ತುಂಬಿಕೊಂಡು ಅಂಗಡಿಗೆ ಹೋದೆ. ಮೇಜಿನ ಮೇಲೆ ಸುರಿದೆ. ಇಲ್ಲಿ ಸರಿಯಾಗಿರುತ್ತವೆ, ಮನೆಗೆ ಹೋದರೆ ಸಡಿಲ, ಏನು ಮಾಟ ಇದು ಅಂತ ಕೇಳಿದೆ. ಆಕೆ ಗಲಾಟೆಗೆ ಹೆದರುವ ಪೈಕಿ ಅಲ್ಲ. ತೆಳು ಶೂ ಜೊತೆಯನ್ನು ನೆಲದ ಮೇಲಿಟ್ಟು, "ಹಾಕ್ಕೊಳ್ಳಿ, ನೋಡೋಣ," ಅಂದಳು.

ಹಾಕಿಕೊಂಡೆ. ಎರಡು ಸೆಕೆಂಡ್.

"ಇನ್ನೊಂದ್ಸಲ."

ಮತ್ತೆ ಎರಡು ಸೆಕೆಂಡ್.

ಆಕೆ ತುಂಬ ಹೊತ್ತು ನನ್ನ ಕಾಲನ್ನೇ ನೋಡಿದಳು. "ಲೇಸ್ ಬಿಚ್ಚೋದೇ ಇಲ್ವಾ ಸರ್ ನೀವು?"

ಯಾಕೆ ಬಿಚ್ಚಬೇಕು? ಕೊಂಡ ದಿನ ಒಮ್ಮೆ ಸಡಿಲವಾಗಿ ಗಂಟು ಹಾಕಿ ಇಟ್ಟರೆ ಆಯಿತು, ಆಮೇಲೆ ಕಾಲು ತೂರಿಸುವುದು, ಹೊರಡುವುದು. ಇಪ್ಪತ್ತಾರು ವರ್ಷದಿಂದ ನಾನು ಕಾಲಿಗೆ ಹಾಕಿದ್ದನ್ನೆಲ್ಲ ಹೀಗೇ ಹಾಕಿದ್ದು, ಮದುವೆ ಮನೆಯ ಶೂ ಸಮೇತ. ಅಂಗಡಿಯಲ್ಲಿ ಅವಳೇ ಕಟ್ಟುತ್ತಿದ್ದಳು, ಅದಕ್ಕೇ ಸರಿಯಿರುತ್ತಿತ್ತು. ಮನೆಗೆ ಬಂದು ನಾನು ಬಿಚ್ಚಿ ಸಡಿಲ ಗಂಟು ಹಾಕುತ್ತಿದ್ದೆ, ಕಾಲು ಸಲೀಸಾಗಿ ಹೋಗಲಿ ಅಂತ.

"ಕೂತ್ಕೊಳ್ಳಿ," ಅಂದಳು. ಕೂತೆ. ಕೆಳಗಿನ ತೂತಿನವರೆಗೂ ಲೇಸ್ ಸಡಿಲ ಮಾಡಿಸಿದಳು. ಹಿಮ್ಮಡಿಯನ್ನು ಹಿಂದಕ್ಕೆ ನೆಲಕ್ಕೆ ಎರಡು ಸಲ ಕುಟ್ಟಿಸಿದಳು. ಆಮೇಲೆ ಬೆರಳ ಕಡೆಯಿಂದ ಒಂದೊಂದೇ ಸಾಲು ಎಳೆಸುತ್ತ ಮೇಲೆ ಬಂದು, ಇದುವರೆಗೂ ನಾನು ಅಲಂಕಾರಕ್ಕೆ ಅಂದುಕೊಂಡಿದ್ದ ಕೊನೆಯ ತೂತಿಗೂ ಲೇಸ್ ಹಾಕಿಸಿ ಗಂಟು ಬಿಗಿಸಿದಳು. "ಹಿಮ್ಮಡಿ ಬಿಗಿ, ಬೆರಳಿಗೆ ಜಾಗ. ಇಷ್ಟೇ. ನಿಮ್ಮ ಶೂ ಯಾವುದೂ ಕೆಟ್ಟದ್ದಲ್ಲ. ಐದು ಕಿಲೋಮೀಟರಿಗೆ ಇದು ಚೆನ್ನಾಗಿದೆ, ಅಷ್ಟೆ. ಒಂದು ನಿಮಿಷ ಕೂತು ಕಟ್ಕೊಳ್ಳಿ ಸರ್, ಯಾವ ಗಂಟೆ ಹೊಡೀತಾ ಇದೆ ಇಲ್ಲಿ?"

ಅಂಗಡಿಯ ಹೊರಗಿನ ರಸ್ತೆಯಲ್ಲಿ ಒಂದು ಸುತ್ತು ಓಡಿ ಬಂದೆ. ಹಿಮ್ಮಡಿ ಅಲ್ಲಾಡಲಿಲ್ಲ. ನಾಚಿಕೆಗೆ ಥ್ಯಾಂಕ್ಸ್ ಹೇಳುವುದನ್ನೂ ಮರೆತು ಬಂದೆ. ಗಿಡ್ಡನಿಗೆ ಹೇಳಬೇಕು, ಅವನು ಏಪ್ರಿಲಿನಲ್ಲಿ ಹುಟ್ಟಿದವನು, ಹದಿನೈದಕ್ಕೆ ನನ್ನ ಜೊತೆ ಅವನದ್ದೂ ಟೆಸ್ಟು, ಅವನೂ ಹೀಗೇ ತೂರಿಸುವುದು. ನಾವೆಲ್ಲರೂ ಹೀಗೇ.

ಏಪ್ರಿಲ್ 6, ಭಾನುವಾರ

ಗಿಡ್ಡ ಮನೆಗೆ ಬಂದಿದ್ದ. ಗೋದಾಮಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಗಿಲ ಹತ್ತಿರ ಸಾಲಾಗಿದ್ದ ಶೂಗಳನ್ನು ನೋಡಿ, "ಏನೋ ಇದು, ಜರಿಹುಳಕ್ಕೂ ಇಷ್ಟು ಬೇಡ," ಅಂತ ನಕ್ಕ. ನನ್ನ ಹೆಂಡತಿಯೂ ನಕ್ಕಳು. ಅದೂ ಸರಿ.

ಆಮೇಲೆ ಜಿರಾಫೆಯ ಪುರಾಣ. "ಏನು ಕೈ ಕಣೋ ಅವನದ್ದು! ಪೈಪು ಇದೆ ಅಂತಾನೇ ಗೊತ್ತಾಗಲ್ಲ ನಂಗೆ. ಭಾರಾನೇ ಇಲ್ಲ." ಒಂದು ಸಲ ಹೇಳಿದ. ಎರಡು ಸಲ ಹೇಳಿದ. ಹತ್ತೊಂಬತ್ತು ವರ್ಷ ನಾನು ಹಿಡಿದಾಗ ಭಾರ ಇತ್ತು ಅಂತಾಯಿತು.

ಹೊರಡುವಾಗ ಅವನು ಮೆಟ್ಟಿಲ ಮೇಲಿದ್ದ ತನ್ನ ಹಳೇ ಓಟದ ಶೂಗೆ ಕಾಲು ತೂರಿಸಿದ. ಎರಡು ಸೆಕೆಂಡ್. ಮೆಟ್ಟಿಲಿಳಿಯುವಾಗ ಹಿಮ್ಮಡಿ ಎದ್ದು ಬಿದ್ದು ಮಾಡುವುದು ನನಗೆ ಸ್ಪಷ್ಟ ಕಂಡಿತು. ನಾಲಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಜಿರಾಫೆ ಹೇಳಲಿ.

ಏಪ್ರಿಲ್ 11, ಶುಕ್ರವಾರ

ಇಪ್ಪತ್ತೇಳು ನಿಮಿಷ ನಾಲ್ಕು ಸೆಕೆಂಡ್. ಇನ್ನು ನಾಲ್ಕು ಸೆಕೆಂಡ್, ಅದರ ಮೇಲೊಂದಿಷ್ಟು.

ಹೆಂಡತಿ ಬಟ್ಟೆ ಮಡಿಸುತ್ತ, "ಎರಡು ವಾರ ಆಯ್ತು, ನೀವು ಪ್ಯಾಂಟನ್ನ ಮಂಚದ ಪಕ್ಕ ನಿಲ್ಸಿಲ್ಲ," ಅಂದಳು. ಹೌದಾ ಅಂದೆ. ನನಗೆ ನೆನಪಿಲ್ಲ. ಕೆಲಸ ಜಾಸ್ತಿಯಿರುವುದರಿಂದ ಮರೆತಿರಬೇಕು. ಕಂಟ್ರೋಲ್ ರೂಮಿನ ಕುರ್ಚಿಯ ಎಡಗಡೆ ಚಕ್ರಕ್ಕೆ ಎಣ್ಣೆ ಬಿಟ್ಟೆ. ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ, ನಮ್ಮ ವ್ಯಾಪ್ತಿಯ ಗೋದಾಮುಗಳ ಬಾಗಿಲು ಯಾವುದು ತಳ್ಳಬೇಕು, ಯಾವುದು ಎಳೆಯಬೇಕು ಅಂತ. ಊಟದ ಹೊತ್ತಿನಲ್ಲಿ ಒಬ್ಬೊಬ್ಬ ಕಾವಲುಗಾರನಿಗೆ ಫೋನ್ ಮಾಡಿ ಕೇಳಿದ್ದು. ಮೂವತ್ತೊಂದು ಆಗಿವೆ. ಫೋನಕ್ಕ, "ನಾಲ್ಕು ದಿನಕ್ಕೆ ಹೋಗೋರು ಇಷ್ಟೆಲ್ಲ ಯಾಕೆ?" ಅಂದರು. ಹೊತ್ತು ಹೋಗಬೇಕಲ್ಲ ಅಂದೆ.

ಏಪ್ರಿಲ್ 15, ಮಂಗಳವಾರ

ಇಪ್ಪತ್ತಾರು ನಿಮಿಷ ಐವತ್ತೊಂದು ಸೆಕೆಂಡ್. ಪಾಸು.

ಮೊದಲು ಇದನ್ನು ಬರೆದೆ, ಯಾಕೆಂದರೆ ಆರು ವಾರದಿಂದ ಇದನ್ನೇ ಬರೆಯಬೇಕೆಂದಿದ್ದೆ. ಬರೆದ ಮೇಲೆ ಏನೂ ಅನ್ನಿಸುತ್ತಿಲ್ಲ.

ನಾನು ಕಟ್ಟೆಯ ಮೇಲೆ ಕೂತು ಲೇಸ್ ಕಟ್ಟುತ್ತಿದ್ದೆ. ಗಿಡ್ಡ ಬಂದವನೇ ಚಪ್ಪಲಿ ಬಿಟ್ಟು ಶೂಗೆ ಕಾಲು ತೂರಿಸಿದ. "ಏನೋ, ಮದುವೆ ಹೆಣ್ಣಿಗೆ ಹೂ ಮುಡಿಸ್ದಂಗೆ ಕಟ್ತಾ ಇದ್ದೀಯ," ಅಂದ. ಆಗ ಹೇಳಬಹುದಿತ್ತು. ಎರಡು ನಿಮಿಷ ಇತ್ತು. ನಾನೇ ಬಗ್ಗಿ ಕಟ್ಟಿದ್ದರೂ ಸಾಕಿತ್ತು. ಸಾಹೇಬರು ಸೀಟಿ ಊದಿದರು.

ಮೊದಲ ಸುತ್ತು ಅವನು ನನ್ನ ಮುಂದಿದ್ದ. ಅಭ್ಯಾಸದಂತೆ ಅವನ ಬೆನ್ನು ನೋಡುತ್ತಾ ಓಡಿದೆ. ಎರಡನೇ ಸುತ್ತಿನ ಮೂರನೇ ತಿರುವಿನಲ್ಲಿ ಅವನ ಹೆಜ್ಜೆ ಕುಂಟಿತು. ನಾನು ಪಕ್ಕದಿಂದ ದಾಟಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನನ್ನು ದಾಟಿ ಮುಂದೆ ಹೋದದ್ದು. ತಿರುಗಿ ನೋಡಲಿಲ್ಲ, ಗಡಿಯಾರ ನೋಡಿದೆ.

ಅವನದ್ದು ಇಪ್ಪತ್ತೇಳು ನಿಮಿಷ ಹದಿನಾಲ್ಕು ಸೆಕೆಂಡ್.

ಶೂ ಬಿಚ್ಚಿದ. ಎರಡೂ ಕಾಲುಚೀಲದ ತುದಿ ಕೆಂಪಾಗಿತ್ತು. ನನ್ನ ಕಡೆ ನೋಡಿ, "ವಯಸ್ಸಾಯ್ತು ಕಣೋ," ಅಂತ ನಕ್ಕ.

ವಯಸ್ಸಲ್ಲ. ಹೇಳಬೇಕಿತ್ತು, ಹೇಳಲಿಲ್ಲ. ಹದಿನಾಲ್ಕು ಸೆಕೆಂಡ್ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಹೋಯಿತು.

ಏಪ್ರಿಲ್ 16, ಬುಧವಾರ

ಎಂಜಿನ್ ಹತ್ತಿದೆ. ಜಿರಾಫೆಯ ಜೊತೆ. ನಾನು ಮುಂದೆ.

ಗಿಡ್ಡನಿಗೆ ಕುರ್ಚಿ ತೋರಿಸಲು ನಾನೇ ಹೋಗಿದ್ದೆ. ಹೆಡ್‌ಫೋನಿನ ಬಲಗಡೆ ದನಿ ಸಣ್ಣ, ಗೋಡೆಯ ಮೇಲೆ ಬಾಗಿಲುಗಳ ಪಟ್ಟಿ, ಗಾಬರಿ ಆಗ್ಬೇಡಿ ಅನ್ನಬಾರದು, ಒದ್ದೆ ಟವೆಲ್ ಸಂದಿಗೆ ಒತ್ತಲು ಹೇಳಬೇಕು. ಅವನು ಕಿಟಕಿಯನ್ನೇ ನೋಡುತ್ತಿದ್ದ. ಏನೂ ಕೇಳಿಸಿಕೊಳ್ಳಲಿಲ್ಲ.

ಏಪ್ರಿಲ್ 23, ಬುಧವಾರ

ನಾಲ್ಕನೇ ಮಹಡಿಯ ಮನೆ, ಅಡುಗೆಮನೆಯಿಂದ ಹಬ್ಬಿದ ಬೆಂಕಿ. ಒಳಗೆ ಒಬ್ಬ ಅಜ್ಜಿ. ನಾನು ಪೈಪಿನ ಬಾಯಿ ಹಿಡಿದಿದ್ದೆ, ಬೆನ್ನ ಮೇಲೆ ಜಿರಾಫೆಯ ಕೈ. ಒಳ್ಳೆಯ ಕೈಯೇ. ಸುಳ್ಳು ಹೇಳಬಾರದು, ಪೈಪು ನಿಜಕ್ಕೂ ಹಗುರವಾಗಿತ್ತು.

ಹೊಗೆಯಲ್ಲಿ ಏನೂ ಕಾಣದು. ಕಿವಿಯಲ್ಲಿ ಗಿಡ್ಡ ಗಂಟಲು ಹರಿದುಕೊಳ್ಳುತ್ತಿದ್ದ. ಅಜ್ಜಿಯ ಮಗಳು ಅವನ ಇನ್ನೊಂದು ಕಿವಿಯಲ್ಲಿದ್ದಳು. "ಬಲಗಡೆ ಗೋಡೆ ಹಿಡ್ಕೊ. ಎರಡನೇ ಬಾಗಿಲು. ಎಳಿಯೋ! ಎತ್ತಿ ಎಳಿ!" ಅದು ಪಕ್ಕಕ್ಕೆ ಸರಿಯುವ ಬಾಗಿಲು. ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ. ಆದರೆ ಬಾಗಿಲು ಅಲ್ಲೇ ಇತ್ತು, ಅಜ್ಜಿ ಅದರ ಹಿಂದೆಯೇ ಇದ್ದರು, ಒದ್ದೆ ಟವೆಲನ್ನು ಸಂದಿಗೆ ಒತ್ತಿಕೊಂಡು. "ಯಾರೋ ಫೋನಲ್ಲಿ ಹೇಳಿದ್ರಂತೆ, ಮಗಳು ಕಿಟಕಿ ಕೆಳಗಿಂದ ಕೂಗಿದ್ಲು," ಅಂದರು.

ಗಿಡ್ಡ ಕೇಳಿಸಿಕೊಂಡಿದ್ದ ಹಾಗಾದರೆ.

ಇಳಿಯುವಾಗ ಅವನ ದನಿ ತಗ್ಗಿತ್ತು. "ನಾನು ಇಲ್ಲೇ ಇದ್ದೀನಿ," ಅಂದ. ನಾನು ಅಜ್ಜಿಯನ್ನು ಹೊತ್ತು ಒಂದೊಂದೇ ಮೆಟ್ಟಿಲು ಇಳಿದೆ. ಕಣ್ಣು ಉರಿಯುತ್ತಿತ್ತು. ಹೊಗೆ ಅಂತ ಬರೆಯಬಹುದು, ಆದರೆ ಮುಖಕ್ಕೆ ಕಣ್ಣನ್ನೂ ಮುಚ್ಚುವ ಮಾಸ್ಕ್ ಇತ್ತು.

ಏಪ್ರಿಲ್ 24, ಗುರುವಾರ

ಗಿಡ್ಡನನ್ನು ಶೂ ಅಂಗಡಿಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೇಡ ಬೇಡ ಅಂದ. ಅಂಗಡಿಯಾಕೆ ಮೂಲೆಯಿಂದ ಅದೇ ತೆಳು ಶೂ ತಂದು ನೆಲದ ಮೇಲಿಟ್ಟಳು. ಅವನು ನಿಂತಲ್ಲೇ ಕಾಲು ತೂರಿಸಿದ. ಆಕೆ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

"ಕೂತ್ಕೊಳೋ," ಅಂದೆ.

"ಯಾಕೆ?"

"ಕೂತ್ಕೋ ಅಂದ್ನಲ್ಲ."

ಕೂತ. ನಾನು ಕೆಳಗೆ ಕೂತು ಅವನ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಉಗುರು ಇನ್ನೂ ಕಪ್ಪಾಗಿತ್ತು. ಲೇಸನ್ನು ಕೆಳಗಿನ ತೂತಿನವರೆಗೂ ಸಡಿಲಿಸಿದೆ. ಕೈಗೆ ಕೆಲಸ ಇದ್ದುದರಿಂದ ಬಾಯಿ ಬಂತು.

"ಟೆಸ್ಟಿಗೆ ಮುಂಚೇನೇ ಗೊತ್ತಿತ್ತು ನಂಗೆ ಇದು. ನೀನು ಮನೆಗೆ ಬಂದಾಗ್ಲೂ ಗೊತ್ತಿತ್ತು. ಬೇಕೂಂತಾನೇ ಹೇಳ್ಲಿಲ್ಲ."

ನಾನು ತಲೆ ಎತ್ತಲಿಲ್ಲ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ, ಬೆರಳ ಕಡೆಯಿಂದ ಒಂದೊಂದೇ ಸಾಲು ಬಿಗಿಸುತ್ತ ಬಂದೆ.

"ಹೇಳಿದ್ರೆ ನಾನು ಕೇಳ್ತಿದ್ನಾ?" ಅಂದ ಕೊನೆಗೆ.

"ಕೇಳ್ತಿರ್ಲಿಲ್ಲ."

"ಆದ್ರೂ ಹೇಳ್ಬೇಕಿತ್ತು ಕಣೋ."

"ಹೂಂ. ಹೇಳ್ಬೇಕಿತ್ತು."

ಗಂಟು ಹಾಕಿದೆ. ಬೆರಳು ಅಲ್ಲಾಡಿಸು ಅಂದೆ, ಅಲ್ಲಾಡಿಸಿದ. ಎದ್ದು ನಿಂತು, ಒಂದು ಕಾಲಿಗೆ ಹೊಸ ಶೂ, ಇನ್ನೊಂದು ಬರಿಗಾಲು, ಬಾಗಿಲವರೆಗೂ ಹೋಗಿ ಬಂದ. ಹಿಮ್ಮಡಿ ನೋಡಿಕೊಂಡ. ಮತ್ತೆ ಹೋಗಿ ಬಂದ. "ಇಷ್ಟು ವರ್ಷ ಯಾರ ಕಾಲಲ್ಲಿ ಓಡ್ತಿದ್ವೋ ನಾವು?" ಅಂದ. ಅಂಗಡಿಯಾಕೆ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ.

ನಾನು ಇನ್ನೊಂದು ಶೂ ಎತ್ತಿ, ನೀನೇ ಕಟ್ಟಿಕೊಂಡು ನೋಡು, ಕಲಿಯಬೇಕಲ್ಲ ಅಂತ ಅವನ ಕೈಗೆ ಕೊಡಲು ಹೋದೆ. ಅವನು ತಗೊಳ್ಳಲಿಲ್ಲ. ಬೆಂಚಿನ ಮೇಲೆ ಒರಗಿ ಕೂತು, ಬಲಗಾಲನ್ನು ನೇರ ನನ್ನ ಮುಂದೆ ಚಾಚಿದ.

"ಇದನ್ನೂ ನೀನೇ ಕಟ್ಟು. ಹೇಳ್ದೇ ಇದ್ದಿದ್ದಕ್ಕೆ."

ಕಟ್ಟಿದೆ.